ನಲವತ್ತೊಂದು ನೀಲಿ ಚೂರುಗಳು

ಖಾಲಿ ಮನೆಗಳನ್ನು ಸೀಳಿ ನೋಡುವುದು ನನ್ನ ಕೆಲಸ. ಹೀಗೆಂದರೆ ಕೇಳಿದವರು ಕಳ್ಳಿ ಎಂದುಕೊಂಡಾರು. ಮನೆಗಳು ಜೇನಿನವು. ಅದೂ ಸಾವಿರಗಟ್ಟಲೆ ಸೇರಿಕೊಂಡು ತುಪ್ಪ ಕೂಡಿಡುವ ಜೇನಲ್ಲ, ಒಂಟಿ ಜೇನು. ಇದಕ್ಕೆ ರಾಣಿಯಿಲ್ಲ, ಆಳುಕಾಳಿಲ್ಲ. ಹೆಣ್ಣೊಂದು ತಾನೇ ಟೊಳ್ಳು ಕಡ್ಡಿಯೊಂದನ್ನು ಹುಡುಕಿಕೊಂಡು, ತಾನೇ ಎಲೆ ಕತ್ತರಿಸಿ ತಂದು, ಸುರುಳಿ ಸುತ್ತಿ, ಕೋಣೆ ಕಟ್ಟುತ್ತದೆ. ಒಳಗೆ ಪರಾಗದ ಮುದ್ದೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಎಲೆಯದೇ ಬಾಗಿಲು ಹಾಕಿ, ಅದಕ್ಕೆ ಅಂಟಿಕೊಂಡಂತೆ ಮುಂದಿನ ಕೋಣೆ ಶುರುಮಾಡುತ್ತದೆ. ಐದಾರು ವಾರ ಹೀಗೆ ಜೀವ ತೇಯ್ದು ಸತ್ತುಹೋಗುತ್ತದೆ. ಮಕ್ಕಳ ಮುಖ ನೋಡುವುದೇ ಇಲ್ಲ. ಗಂಡಿನ ವಿಷಯ ಕೇಳಬೇಡಿ, ಅವನಿಗೆ ಇದ್ಯಾವುದೂ ಗೊತ್ತಿಲ್ಲ.

ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮೇಲೆ ಆ ಕಡ್ಡಿಯನ್ನು ನಾನು ಉದ್ದಕ್ಕೆ ಸೀಳುತ್ತೇನೆ. ಒಂದೊಂದು ಕೋಣೆಯಿಂದಲೂ ಎಲೆಚೂರುಗಳನ್ನು ಚಿಮಟದಲ್ಲಿ ಬಿಡಿಸಿ, ನೀರಿನಲ್ಲಿ ನೆನೆಸಿ, ಹರಡಿ, ಎಣಿಸಿ, ಯಾವ ಗಿಡದ್ದೆಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಒಂದು ಕೋಣೆಗೆ ಹದಿನಾಲ್ಕೋ ಹದಿನೈದೋ ಚೂರು. ಗೋಡೆಗೆ ತಂದವು ಉದ್ದುದ್ದ, ಬಾಗಿಲಿಗೆ ತಂದವು ದುಂಡಗೆ. ಈಗ ಉದ್ದ ಬೇಕು, ಈಗ ದುಂಡಗೆ ಬೇಕು ಎಂದು ಅದಕ್ಕೆ ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಅಳತೆ ತಪ್ಪಿದ್ದನ್ನು ನಾನು ಕಂಡಿಲ್ಲ. ತಪ್ಪಿದ್ದು ನಾನು, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದು ಊರಿನ ಅಂಚಿನ ಸಣ್ಣ ಸಂಶೋಧನಾ ಕೇಂದ್ರ. ಮುಂದೆ ಕಚೇರಿ, ಹಿಂದೆ ಪಾಳುಬಿಟ್ಟ ತೋಟ, ತೋಟದ ಬೆನ್ನಿಗೆ ಬೆಟ್ಟ. ಜೇನು ಯಾವ ಗಿಡದ ಎಲೆಯನ್ನು ಆರಿಸುತ್ತದೆ, ಯಾಕೆ ಆರಿಸುತ್ತದೆ ಎಂದು ತಿಳಿಯುವುದು ಇಲ್ಲಿಯ ಮೇಡಂ ಅವರ ಆಯುಸ್ಸಿನ ಕೆಲಸ. ಅವರ ಕೈಕೆಳಗಿರುವ ಕಾರಣಕ್ಕೆ ನನ್ನ ಆಯುಸ್ಸಿನದೂ. ಅವರಿಗೆ ಮೂಗಿನ ಮೇಲೆ ಕೋಪ, ಮನಸ್ಸು ಒಳ್ಳೆಯದು. ಸದಾ ಜೊಂಡಿನ ಕಡ್ಡಿಗಳ ಕಟ್ಟು ಹೊತ್ತುಕೊಂಡು ತಿರುಗುವ ನನ್ನನ್ನು ಮೊದಲ ವಾರವೇ 'ಕಡ್ಡಿ' ಎಂದು ಕರೆದರು. ಆಗ ನಾನು ಹಾಗೇ ಇದ್ದೆ ಕೂಡ. ಈಗ ಮೈ ತುಂಬಿದೆ, ಮೊಣಕಾಲು ಸವೆದಿದೆ, ಕಣ್ಣು ಮಂಜಾಗಿದೆ. ಹೆಸರು ಮಾತ್ರ ಕಡ್ಡಿಯಾಗಿಯೇ ಉಳಿಯಿತು. ಕಚೇರಿಯ ಗುಮಾಸ್ತನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ನಾನು ಕಡ್ಡಿ, ಕಡ್ಡಿಯಕ್ಕ, ಕಡ್ಡಿಯಮ್ಮ.

ಮೂರು ವರ್ಷದ ಹಿಂದೆ ಒಂದು ಕಡ್ಡಿ ಸೀಳಿದಾಗ ಕೋಣೆಯೊಂದರ ಬಾಗಿಲಲ್ಲಿ ತಿಳಿನೀಲಿ ಚೂರು ಸಿಕ್ಕಿತು. ಕೆಲವು ಜೇನುಗಳು ಎಲೆಯ ಜೊತೆಗೆ ಹೂವಿನ ದಳವನ್ನೂ ತರುವುದುಂಟು. ಕೆಂಪು, ಹಳದಿ, ಬಿಳಿ ಎಲ್ಲ ನೋಡಿದ್ದೆ. ನೀಲಿ ನೋಡಿರಲಿಲ್ಲ. ಪರಾಗ ಮೆತ್ತಿ, ಜೇನಿನ ಎಂಜಲು ಒಣಗಿ ಗಟ್ಟಿಯಾಗಿತ್ತು. ಮೇಡಂ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿ, "ದಳವೇ ಕಣೇ! ನರ ನೋಡು, ಎಷ್ಟು ಸಣ್ಣ ನರ!" ಎಂದರು. ನಾನೂ ನೋಡಿದೆ. ನರದಂತೆಯೇ ಕಂಡಿತು. ಇಬ್ಬರು ಹುಡುಕುತ್ತಿರುವುದು ಒಂದೇ ಆಗಿದ್ದರೆ ಇಬ್ಬರ ಕಣ್ಣಿಗೂ ಅದೇ ಕಾಣುತ್ತದೆ.

ಈ ಸುತ್ತಮುತ್ತ ಅಂಥ ನೀಲಿ ಹೂವಿನ ಗಿಡವೇ ಇಲ್ಲ. ಇದ್ದರೆ ಅದು ಯಾರೂ ಕಾಣದ ಗಿಡವಾಗಿರಬೇಕು. ಆ ವರ್ಷ ಒಂಬತ್ತು ಚೂರು ಸಿಕ್ಕವು, ಮರುವರ್ಷ ಹದಿನಾಲ್ಕು, ಈ ವರ್ಷ ಹದಿನೆಂಟು. ಎಲ್ಲವೂ ಜೇನು ಗೂಡು ಕಟ್ಟಲೆಂದು ನಾವು ಬೆಟ್ಟದ ಕಡೆ ಮರಗಳಿಗೆ ತೂಗುಹಾಕಿದ ಕಡ್ಡಿಕಟ್ಟುಗಳಲ್ಲಿ. ಕಚೇರಿಯ ಗೋಡೆಗೆ ಜೋಡಿಸಿದ ಕಟ್ಟುಗಳಲ್ಲಿ ಒಂದೂ ಇಲ್ಲ. ಮೇಡಂ ನಕ್ಷೆ ಬರೆದು, ಲೆಕ್ಕ ಹಾಕಿ, "ಹಾಗಾದ್ರೆ ಗಿಡ ಬೆಟ್ಟದ ಮೇಲಿದೆ. ಜೇನು ಅಷ್ಟು ದೂರ ಹಾರಲ್ಲ. ಹೆಚ್ಚೆಂದರೆ ಆ ಬಂಡೆಯ ಹತ್ರ" ಎಂದು ತೀರ್ಮಾನಿಸಿದರು. ಹೂವು ಕೈಗೆ ಸಿಗುವವರೆಗೆ ಚೂರನ್ನು ಹೊರಗಿನ ಯಾರಿಗೂ ತೋರಿಸಕೂಡದು ಎಂದು ಅಪ್ಪಣೆಯಾಯಿತು. ಬೇರೆ ಯಾರಾದರೂ ಮೊದಲು ಕಂಡುಬಿಟ್ಟರೆ ಎಂಬ ಭಯ.

ಮತ್ತೆ ಹೇಳಿದರು: "ಹೂವು ಸಿಕ್ಕಿದ ದಿನ ಅದಕ್ಕೆ ನಿನ್ನ ಹೆಸರಿಡ್ತೀನಿ ಕಡ್ಡಿ. ಚೂರು ಕಂಡಿದ್ದು ನೀನು."

ನಾನು ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು. ನಾನು ಹೋದ ಮೇಲೆ ಆ ಮಂಚದ ಮೇಲೆ ಅಕ್ಕ ಮಡಿಸಿದ ಬಟ್ಟೆ ಇಡುತ್ತಾಳೆ. ಅಷ್ಟೇ ಎಂದುಕೊಂಡಿದ್ದೆ. ಈಗ ಬೆಟ್ಟದ ಮೇಲೆ ಒಂದು ಹೂವು ನನ್ನ ಹೆಸರು ಹೊತ್ತುಕೊಂಡು ಅರಳುತ್ತದಂತೆ. ಆಸೆಯಾಯಿತು. ಐವತ್ತೈದರ ಮೇಲೆ ಆಸೆಯಾದರೆ ಅದು ಸುಮ್ಮನೆ ಬಿಡುವುದಿಲ್ಲ.

ಹಾಗಾಗಿ ಬೆಟ್ಟ ಹತ್ತಿದೆವು. ಹೂ ಬಿಡುವ ಕಾಲದಲ್ಲಿ ವಾರಕ್ಕೊಂದು ಸಲ, ಮೂರು ವರ್ಷದಲ್ಲಿ ಮೂವತ್ತೊಂದು ಸಲ. ಮೇಡಂಗೆ ಸೊಂಟ ನೋವು, ನನಗೆ ಮೊಣಕಾಲು. ಅವರು ಮುಂದೆ ಕೋಲೂರಿಕೊಂಡು, ನಾನು ಹಿಂದೆ ನೀರಿನ ಬಾಟಲಿ, ದುರ್ಬೀನು, ಗಿಡ ಒತ್ತಿಡುವ ಕಾಗದ ಹೊತ್ತುಕೊಂಡು. ಬಂಡೆಯ ಸಂದಿಗಳಲ್ಲಿ ಇಣುಕಿದೆವು. ಒಮ್ಮೆ ಮೇಡಂ ಜಾರಿ ಕೂತರು, ಎಬ್ಬಿಸಲು ಹೋಗಿ ನಾನೂ ಕೂತೆ. ಏಳಲು ಇಬ್ಬರಿಗೂ ಮನಸ್ಸಾಗದೆ ಅರ್ಧ ಗಂಟೆ ಅಲ್ಲೇ ಇದ್ದೆವು. ಕೊನೆಕೊನೆಗೆ ಬೆಟ್ಟದ ದಿನ ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುವಾಗಲೇ ಸುಸ್ತು ಬರುತ್ತಿತ್ತು.

ಈ ವರ್ಷ ದೊಡ್ಡ ಊರಿನಲ್ಲಿ ವಿದ್ವಾಂಸರ ಸಭೆ ನಿಗದಿಯಾಯಿತು. ಮುಂದಿನ ವರ್ಷ ನಿವೃತ್ತಿಯಾಗುವ ಮೇಡಂ ಇನ್ನು ಕಾಯಲಾರೆ ಎಂದು ನಿರ್ಧರಿಸಿದರು. ಚೂರುಗಳನ್ನು ಸಭೆಗೆ ತೋರಿಸಿ, ಹಗ್ಗ ಕಟ್ಟಿ ಬಂಡೆ ಇಳಿಯಬಲ್ಲ ಹರೆಯದವರನ್ನು ಕಳಿಸಿಕೊಡಿ ಎಂದು ಕೇಳುವುದು ಅವರ ಯೋಚನೆ. ಗುರುವಾರ ಅವರ ಭಾಷಣ. ಅದರ ಹಿಂದಿನ ಶನಿವಾರ ನನ್ನ ಕೈಗೆ ಒಂದು ಡಬ್ಬಿ ಕೊಟ್ಟು, "ನಲವತ್ತೊಂದು ಚೂರೂ ಇದೆ. ಬಿಳಿ ರಟ್ಟಿನ ಮೇಲೆ ಚೆನ್ನಾಗಿ ಅಂಟಿಸಿ ತಾ. ನಿನ್ನ ಕೈ ನಡುಗಲ್ಲ, ನಂದು ನಡುಗುತ್ತೆ" ಎಂದರು. ಭಾನುವಾರ ಮನೆಯಲ್ಲೇ ಕೂತು ಮಾಡುತ್ತೇನೆ ಎಂದು ತಂದೆ.

ನಮ್ಮ ಅಕ್ಕ ಹೊಲಿಗೆಯವಳು. ನಡುಮನೆಯ ಕಿಟಕಿಯ ಬಳಿ ಅವಳ ಯಂತ್ರ, ಅದರ ಸುತ್ತ ಗುಡ್ಡೆ ಬಿದ್ದ ಬಟ್ಟೆಯ ಕತ್ತರಿಕೆ. ಆಸ್ಪತ್ರೆಗಳಿಗೆ ತಲೆಟೋಪಿ ಹೊಲಿದು ಕೊಡುತ್ತಾಳೆ, ಆಪರೇಷನ್ ಮಾಡುವವರು ಕೂದಲು ಮುಚ್ಚಲು ಹಾಕಿಕೊಳ್ಳುವಂಥದ್ದು. ದಿನಕ್ಕೆ ಇನ್ನೂರು ಟೋಪಿ. ಭಾವ ಅವನ್ನು ಇಪ್ಪತ್ತಿಪ್ಪತ್ತರಂತೆ ಎಣಿಸಿ ಕಟ್ಟುತ್ತಾರೆ, ಹತ್ತೊಂಬತ್ತಕ್ಕೆ ಮರೆತು ಮತ್ತೆ ಮೊದಲಿಂದ ಎಣಿಸುತ್ತಾರೆ. ಊಟದ ಮೇಜಿನ ಅರ್ಧವನ್ನು ಟೋಪಿಗಳೇ ಆಳುತ್ತವೆ. ಉಳಿದರ್ಧದಲ್ಲಿ ನಾನು ರಟ್ಟು, ಅಂಟು, ಚಿಮಟ ಹರಡಿಕೊಂಡು ಕೂತೆ.

"ಇದೇನಾ ನಿನ್ನ ಹೂವು?" ಎಂದು ಅಕ್ಕ ಯಂತ್ರ ನಿಲ್ಲಿಸಿ ಬಂದಳು. ಮೂರು ವರ್ಷದಿಂದ ಅವಳು ಬೀದಿಯ ಪ್ರತಿ ಬಾಗಿಲಿಗೂ ಈ ಹೂವಿನ ಸುದ್ದಿ ಮುಟ್ಟಿಸಿದ್ದಳು. ಚೂರನ್ನು ಮಾತ್ರ ನೋಡಿರಲಿಲ್ಲ. ನಾನು ಬೇಡವೆನ್ನುವಷ್ಟರಲ್ಲಿ ಒಂದನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದಳು.

"ಏ, ಮುಟ್ಟಬೇಡ! ಪುಡಿಯಾಗುತ್ತೆ."

"ಪುಡಿ ಆಗ್ತಾ ಇಲ್ವಲ್ಲೇ," ಎಂದಳು. ಮತ್ತೆ ಹೊಸೆದಳು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಪುಟ್ಟಿ, ಹೂವು ಒಣಗಿದ್ರೆ ಪುಡಿ ಆಗ್ಬೇಕು. ಇದು ಬಗ್ಗುತ್ತೆ."

"ಜೇನಿನ ಎಂಜಲು ಮೆತ್ತಿರುತ್ತೆ ಅಕ್ಕ. ಅದಕ್ಕೇ ಹಾಗೆ. ನಿನಗೆ ಗೊತ್ತಾಗಲ್ಲ."

ಅಕ್ಕನಿಗೆ 'ನಿನಗೆ ಗೊತ್ತಾಗಲ್ಲ' ಎನ್ನಬಾರದಿತ್ತು, ಅಂದುಬಿಟ್ಟೆ. ಅವಳು ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ತಂದಳು. ಹೊಲಿಗೆಯವರಿಗೆ ಇದೊಂದು ವಿದ್ಯೆ: ಯಾವ ಬಟ್ಟೆಯೆಂದು ತಿಳಿಯದಿದ್ದರೆ ಒಂದೆಳೆ ಸುಟ್ಟು ನೋಡುತ್ತಾರೆ. ಹತ್ತಿಯಾದರೆ ಬೂದಿಯಾಗುತ್ತದೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಕೃತಕ ಬಟ್ಟೆಯಾದರೆ ಕರಗಿ ಗಂಟಾಗುತ್ತದೆ. ನಾನು ಕೈ ಚಾಚುವುದರೊಳಗೆ ಕಡ್ಡಿ ಗೀರಿ ಚೂರಿಗೆ ಹಿಡಿದಳು.

ಬೂದಿಯಾಗಲಿಲ್ಲ. ಸುರುಟಿ, ಕುಗ್ಗಿ, ಸಾಸಿವೆಯಷ್ಟು ಗಟ್ಟಿ ಗುಂಡಾಯಿತು. ಪ್ಲಾಸ್ಟಿಕ್ ಬಕೆಟ್ಟು ಸುಟ್ಟಂಥ ವಾಸನೆ ಬಂತು.

"ಇದು ನನ್ನ ಟೋಪಿ ಬಟ್ಟೆ," ಎಂದಳು ಅಕ್ಕ.

ನಾನು ಜಗಳವಾಡಿದೆ. "ನಿನ್ನ ಬಟ್ಟೆ ಕಡುನೀಲಿ. ಇದು ತಿಳಿನೀಲಿ."

ಅಕ್ಕ ನನ್ನ ರಟ್ಟುಗಳ ಕಟ್ಟಿನ ಕಡೆ ಬೆರಳು ತೋರಿಸಿದಳು. ಕಟ್ಟಿಗೆ ನಾನೇ ಸುತ್ತಿದ್ದ ಪಟ್ಟಿ. ಬೆಟ್ಟದ ಕಡೆಯ ಕಡ್ಡಿಕಟ್ಟುಗಳಿಗೆ ಗುರುತಿಗೆಂದು ಕಟ್ಟುವಂಥದ್ದು. ಗೋಡೆಯ ಮೇಲಾದರೆ ಬಣ್ಣದಲ್ಲಿ ಅಂಕಿ ಬರೆಯಬಹುದು, ಮರಕ್ಕೆ ತೂಗುವ ಕಟ್ಟಿಗೆ ಪಟ್ಟಿಯೇ ಬೇಕು. ಮೂರು ವರ್ಷದ ಹಿಂದೆ ಉಗ್ರಾಣದಲ್ಲಿ ಪಟ್ಟಿ ಮುಗಿದು, ಕೇಳಿ ಕೇಳಿ ಸಾಕಾಗಿ, ಅಕ್ಕನ ಕತ್ತರಿಕೆಯಿಂದ ಎರಡು ಬೆರಳಗಲದ ಪಟ್ಟಿಗಳನ್ನು ಒಯ್ದಿದ್ದೆ. ಹೊಸದರಲ್ಲಿ ಕಡುನೀಲಿ. ಎರಡು ತಿಂಗಳು ಬಿಸಿಲು ತಿಂದರೆ ತಿಳಿನೀಲಿ. ಮಾಸಿದ ಒಂದನ್ನು ಬಿಚ್ಚಿ ತಂದು ರಟ್ಟಿಗೆ ಸುತ್ತಿದ್ದೆ. ನೇಯ್ದ ಬಟ್ಟೆಯಲ್ಲ ಅದು, ಎಳೆಗಳನ್ನು ಒತ್ತಿ ಮಾಡಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಎಳೆಗಳು ನರದಂತೆ ಕಾಣುತ್ತವೆ.

ಈಗ ಹೇಳುವಾಗ ಕುರುಡರಿಗೂ ಕಾಣುವಷ್ಟು ಸ್ಪಷ್ಟ. ಪಟ್ಟಿ ಕಟ್ಟಿದ ವರ್ಷವೇ ನೀಲಿ ದಳ ಬಂತು. ಪಟ್ಟಿಯಿರುವ ಕಟ್ಟುಗಳಲ್ಲೇ ಬಂತು, ಪಟ್ಟಿಯಿಲ್ಲದ ಗೋಡೆಯಲ್ಲಿ ಬರಲಿಲ್ಲ. ಇಷ್ಟನ್ನೂ ನನ್ನ ಕೈಯಾರೆ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಪಟ್ಟಿಗಳ ಅಂಚಿನಲ್ಲಿ ಕಚ್ಚುಗಳಿದ್ದುದನ್ನೂ ಕಂಡಿದ್ದೇನೆ, ಅಳಿಲಿನ ಕೆಲಸವೆಂದುಕೊಂಡು ಬಿಚ್ಚಿ ಬೇರೆ ಕಟ್ಟಿದ್ದೇನೆ. ದಣಿದ ಕೈ ಮಾಡುತ್ತಾ ಹೋಗುತ್ತದೆ, ಕಣ್ಣು ಜೊತೆಗೆ ಹೋಗುವುದಿಲ್ಲ.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲೇ!" ಎಂದು ಅಕ್ಕ ನಗಲು ಶುರುಮಾಡಿ, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು.

ಭಾವ ಟೋಪಿ ಎಣಿಸುವುದನ್ನು ಬಿಟ್ಟು ಕೇಳಿದರು: "ಏನಾಯ್ತು?"

"ಹೂವು ಹೋಯ್ತು," ಎಂದಳು ಅಕ್ಕ.

"ಯಾರು ಕಿತ್ತರು?"

ಅವರು ಮತ್ತೆ ಒಂದರಿಂದ ಎಣಿಸತೊಡಗಿದರು.

ಅಕ್ಕ ನನ್ನ ಪಕ್ಕದಲ್ಲಿ ಕೂತಳು. ಕರಗಿದ ಗುಂಡನ್ನು ಉಗುರಿನಿಂದ ಮೇಜಿನ ಅಂಚಿಗೆ ತಳ್ಳಿದಳು. ಆಮೇಲೆ ದನಿ ತಗ್ಗಿಸಿ, "ಸುಮ್ಮನೆ ಅಂಟಿಸಿ ಕೊಟ್ಟುಬಿಡು. ನಲವತ್ತಿದೆಯಲ್ಲ. ಅಲ್ಲಿ ಬೆಂಕಿಕಡ್ಡಿ ಗೀರೋರು ಯಾರಿರ್ತಾರೆ?" ಎಂದಳು.

ಸುಳ್ಳೇಕೆ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಹೂವು ಸಿಗದಿದ್ದರೆ ಸಿಗದಿರಲಿ. ಸಿಗದ ಹೂವಿಗೂ ಒಂದು ಹೆಸರಿರುತ್ತದೆ, ಅದು ನನ್ನದಾಗಿರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆದರೆ ಗುರುವಾರ ಮೇಡಂ ನಡುಗುವ ಕೈಯಲ್ಲಿ ರಟ್ಟು ಹಿಡಿದು ನೂರು ಜನರ ಮುಂದೆ ನಿಲ್ಲುತ್ತಾರೆ. ಮುಂದಿನ ಸಾಲಿನಲ್ಲಿ ಯಾರಾದರೂ ಒಬ್ಬರು ಚೂರನ್ನು ಎತ್ತಿ ಬಗ್ಗಿಸಿ ನೋಡಿದರೆ ಸಾಕು. ನಲವತ್ತು ವರ್ಷದ ಕೆಲಸದ ಕೊನೆಗೆ ಅವರ ಪಾಲಿಗೆ ಉಳಿಯುವುದು ಆ ನಗು ಮಾತ್ರ. ಚೂರುಗಳನ್ನು ಡಬ್ಬಿಗೆ ತುಂಬಿದೆ. ಎದ್ದು ಹೋಗಿ ಮಂಚದ ಮೇಲೆ ಮಲಗಿದೆ. ನಿದ್ದೆ ಬರಲಿಲ್ಲ, ಏಳಲೂ ಆಗಲಿಲ್ಲ.

ಸೋಮವಾರ ಮೇಡಂ ಬರುವುದು ಹನ್ನೊಂದಕ್ಕೆ. ನಾನು ಎಂಟಕ್ಕೇ ಹೋಗಿ ಬೆಟ್ಟದ ಕಡೆಯ ಹನ್ನೆರಡನೇ ಕಟ್ಟಿನ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತೆ. ಸುಟ್ಟು ನೋಡಿದ್ದು ಅಕ್ಕ. ಜೇನು ಕತ್ತರಿಸುವುದನ್ನು ನನ್ನ ಕಣ್ಣಲ್ಲಿ ನೋಡದೆ ಹೇಳಲಾರೆ ಎನಿಸಿತು. ಇಪ್ಪತ್ನಾಲ್ಕು ವರ್ಷ ಮೇಡಂ ಕಲಿಸಿದ್ದು ಇದೊಂದನ್ನೇ.

ಕಟ್ಟಿನಲ್ಲಿ ಒಂದು ಹೆಣ್ಣು ಇನ್ನೂ ಕೆಲಸದಲ್ಲಿತ್ತು. ಕಾಲ ಮುಗಿಯುತ್ತಾ ಬಂದಿತ್ತು, ಉಳಿದವೆಲ್ಲ ಸತ್ತಿದ್ದವು. ಇದರ ರೆಕ್ಕೆಯ ಅಂಚು ಹರಿದು ಚಿಂದಿಯಾಗಿತ್ತು, ಬೆನ್ನಿನ ಕೂದಲು ಉದುರಿ ಬೋಳಾಗಿತ್ತು. ಹೊಸದರಲ್ಲಿ ಎಲೆಚೂರನ್ನು ಹೊಟ್ಟೆಯಡಿ ಮಡಿಸಿ ಹಿಡಿದುಕೊಂಡು ಬಾಣದ ಹಾಗೆ ಬರುತ್ತವೆ. ಇದು ಹಾಗೆ ಬರಲಿಲ್ಲ. ದಾರಿಯಲ್ಲಿ ಎರಡು ಕಡೆ ಕೂತು, ಸುಧಾರಿಸಿಕೊಂಡು ಬಂತು. ಕಡ್ಡಿಯ ಬಾಯಿ ತಪ್ಪಿ, ಮತ್ತೆ ಹಾರಿ, ಒಳಗೆ ಹೋಯಿತು. ಗುಲಾಬಿ ಗಿಡ ಇರುವುದು ತೋಟದ ಆ ತುದಿಯಲ್ಲಿ. ಒಂದು ಗಂಟೆಯಲ್ಲಿ ಮೂರೇ ಸಲ ಹೋಗಿಬಂತು. ನಾಲ್ಕನೇ ಸಲ ಹೊರಗೆ ಬಂದು ಕಡ್ಡಿಯ ಬಾಯಲ್ಲೇ ಕೂತಿತು. ಬಹಳ ಹೊತ್ತು ಕೂತಿತ್ತು. ಸತ್ತೇಹೋಯಿತೇನೋ ಎಂದುಕೊಂಡೆ.

ಆಮೇಲೆ ಒಂದು ಗೇಣು ಹಾರಿ, ನನ್ನ ಪಟ್ಟಿಯ ಅಂಚಿಗೆ ಹೋಗಿ ಕೂತಿತು. ಅಂಚನ್ನು ಕಾಲಲ್ಲಿ ಅವುಚಿ, ಬಾಯಿಂದ ಕಚ್ಚುತ್ತಾ ತನ್ನ ಸುತ್ತಲೇ ತಿರುಗಿತು. ಎಲೆಯಾದರೆ ಏಳೆಂಟು ಸೆಕೆಂಡು. ಇದಕ್ಕೆ ಇಪ್ಪತ್ತೆರಡು ಹಿಡಿಯಿತು. ದುಂಡಗಿನ ಚೂರು ಬಿಟ್ಟುಕೊಂಡಿತು. ಹೊಟ್ಟೆಯಡಿ ಮಡಿಸಿಕೊಂಡು ಕಡ್ಡಿಯೊಳಗೆ ಹೋಯಿತು. ಬಾಗಿಲು ಹಾಕಲು ದುಂಡಗಿನದೇ ಬೇಕಿತ್ತು, ಅಳತೆ ತಪ್ಪಲಿಲ್ಲ.

ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತೋಟದ ಆ ತುದಿಗೆ ಇನ್ನೊಂದು ಸಲ ಹೋಗಿಬರಲು ಅದಕ್ಕೆ ರೆಕ್ಕೆಯೇ ಇರಲಿಲ್ಲ. ಮನೆಬಾಗಿಲಲ್ಲಿ ಏನು ತೂಗುತ್ತಿತ್ತೋ ಅದನ್ನು ತೆಗೆದುಕೊಂಡಿತು. ನಾನೂ ಅಷ್ಟನ್ನೇ ಮಾಡಿದ್ದೆ. ಅಭ್ಯಾಸಬಲದಿಂದ ರಿಜಿಸ್ಟರ್ ತೆಗೆದು ಗಂಟೆ, ನಿಮಿಷ, ಕಟ್ಟಿನ ಸಂಖ್ಯೆ, ಕತ್ತರಿಸಲು ಹಿಡಿದ ಹೊತ್ತು ಬರೆದೆ. ಬರೆಯುವಾಗ ಅಕ್ಷರ ಕಲಸಿಕೊಂಡವು, ನಾನು ಅಳುತ್ತಿದ್ದೆ. ಮೂಗು ಒರೆಸಿಕೊಂಡು, ಆ ಪಟ್ಟಿ ಬಿಚ್ಚಿಕೊಂಡು ಒಳಗೆ ಹೋದೆ.

ಮೇಡಂ ಭಾಷಣದ ಹಾಳೆಗಳಲ್ಲಿ ಮುಳುಗಿದ್ದರು. ಬಾಗಿಲಲ್ಲಿ ನಿಂತವಳು ಒಳಗೆ ಹೋಗುವ ಮೊದಲೇ ಹೇಳಿಬಿಟ್ಟೆ. ಒಳಗೆ ಹೋದರೆ ಹೇಳಲಾರೆ ಎನಿಸಿತ್ತು.

"ಮೇಡಂ, ನೀಲಿ ಹೂವು ಇಲ್ಲ."

"ಇನ್ನೂ ಸಿಕ್ಕಿಲ್ಲ ಅನ್ನು."

"ಸಿಕ್ಕಿಲ್ಲ ಅಂತಲ್ಲ. ಇಲ್ಲ."

ಡಬ್ಬಿಯ ಜೊತೆಗೆ ಪಟ್ಟಿಯನ್ನು ಅವರ ಮುಂದಿಟ್ಟೆ. ಅಂಚಿನ ದುಂಡಗಿನ ಕಚ್ಚು ತೋರಿಸಿದೆ. ಅಕ್ಕನ ಟೋಪಿ, ಉಗ್ರಾಣ, ಬೆಂಕಿಪೊಟ್ಟಣ, ಬೆಳಿಗ್ಗೆ ಕಂಡದ್ದು ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳಿದೆ. ಅವರು ಡಬ್ಬಿಯಿಂದ ಒಂದು ಚೂರು, ಪಟ್ಟಿಯಿಂದ ಒಂದು ಎಳೆ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ನೋಡಿದರು. ನನಗೆ ಕೂತುಕೋ ಎನ್ನಲಿಲ್ಲ.

"ಎಷ್ಟು ಸಲ ಹತ್ತಿದ್ವಿ?" ಎಂದರು, ತಲೆ ಎತ್ತದೆ.

"ಮೂವತ್ತೊಂದು."

"ಮೂವತ್ತೊಂದು ಸಲ ನನ್ನನ್ನ ಹುಚ್ಚಿ ಹಾಗೆ ಬೆಟ್ಟ ಹತ್ತಿಸಿದೆಯಲ್ಲ ಕಡ್ಡಿ."

ಹತ್ತಿಸಿದ್ದು ಅವರು, ಹತ್ತಿದ್ದು ನಾನು. ಆದರೆ ಅದನ್ನು ಹೇಳುವ ಹೊತ್ತಲ್ಲ. "ಹೌದು ಮೇಡಂ," ಎಂದೆ.

"ಹೋಗು. ಈಗ ನನ್ನ ಮುಂದೆ ನಿಲ್ಲಬೇಡ."

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಎದುರಾದರೆ ಗೋಡೆಯ ಕಡೆ ನೋಡಿಕೊಂಡು ಹೋದರು. ನಾನು ಎಲ್ಲ ಕಟ್ಟುಗಳಿಂದಲೂ ಪಟ್ಟಿ ಬಿಚ್ಚಿದೆ. ಬುಧವಾರ ಮಧ್ಯಾಹ್ನ ಅವರು ಕಳಿಸಿದ ಪತ್ರಗಳ ಪ್ರತಿ ಕಡತಕ್ಕೆ ಸೇರಿಸಲು ನನ್ನ ಮೇಜಿಗೆ ಬಂತು. ಮೇಲಿನದು ಸಭೆಯವರಿಗೆ. ಮೂರೇ ಸಾಲು: ದಳಗಳೆಂದು ತಿಳಿದದ್ದು ದಳಗಳಲ್ಲ, ಬಟ್ಟೆಯ ಚೂರುಗಳು. ಗುರುತಿಸುವಲ್ಲಿ ನನ್ನಿಂದ ತಪ್ಪಾಗಿದೆ. ಗುರುವಾರದ ನನ್ನ ಭಾಷಣವನ್ನು ರದ್ದುಪಡಿಸಬೇಕು.

ಓದಿದವಳಿಗೆ ಸಮಾಧಾನವಾಗಬೇಕಿತ್ತು. ಅಕ್ಕನಾಗಿದ್ದರೆ ದೇವರು ದೊಡ್ಡವನು ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷದ ಸುಸ್ತೆಲ್ಲ ಒಟ್ಟಿಗೆ ಎದ್ದು ನಿಂತಂತಾಯಿತು. ಕಡತ ಹಿಡಿದುಕೊಂಡು, ಬಾಗಿಲು ತಟ್ಟದೆ ಒಳಗೆ ಹೋದೆ.

"ತಪ್ಪು ನನ್ನದು, ಮೇಡಂ."

"ಗೊತ್ತು."

"ನಿಮ್ಮದು ಅಂತ ಬರೆದಿದ್ದೀರಿ."

"ನಿನ್ನದು ಅಂತ ಬರೆದ್ರೆ ನಾಳೆಯೇ ನಿನ್ನನ್ನ ಮನೆಗೆ ಕಳಿಸ್ತಾರೆ. ನನ್ನನ್ನ ಏನು ಮಾಡ್ತಾರೆ? ನಾನು ಹೇಗೂ ಹೋಗೋಳು." ಅವರ ದನಿಯಲ್ಲಿ ಕೋಪ ಉಳಿದಿರಲಿಲ್ಲ, ಅವರೂ ದಣಿದಿದ್ದರು. "ನಿನಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು. ಹೋಗಿ ಕೆಲಸ ನೋಡು."

"ನಾನು ಕೇಳಿದ್ನಾ?"

ಅವರು ಕನ್ನಡಕ ತೆಗೆದರು. ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

"ಇಲ್ಲಿವರೆಗೆ ನಿಮ್ಮ ಎಷ್ಟು ಲೇಖನ ಬಂದಿದೆ ಮೇಡಂ? ಹತ್ತೊಂಬತ್ತು. ಎಲ್ಲಾ ನಾನೇ ಕಡತಕ್ಕೆ ಹಾಕಿದ್ದು. ಎಲ್ಲದರಲ್ಲೂ 'ಎಲೆಗಳನ್ನು ಬಿಡಿಸಿ ಎಣಿಸಲಾಯಿತು' ಅಂತಿದೆ. ಯಾರು ಬಿಡಿಸಿದ್ರು? ತಮ್ಮಷ್ಟಕ್ಕೆ ಬಿಟ್ಕೊಂಡ್ವಾ? ನಾನು ಯಾವತ್ತೂ ಕೇಳ್ಲಿಲ್ಲ. ನೀವೇ ಹೂವು ಅಂದ್ರಿ, ಹೆಸರು ಅಂದ್ರಿ, ಆಸೆ ಹುಟ್ಟಿಸಿದ್ರಿ. ಅದು ಹೋಯ್ತು, ಸರಿ, ನನ್ನ ಕೈಯಿಂದಲೇ ಹೋಯ್ತು. ಈಗ ತಪ್ಪು ಮಾಡಿದ್ದೀನಲ್ಲ, ಅದಾದ್ರೂ ನನ್ನ ಹೆಸರಲ್ಲಿ ಇರಲಿ. ಅದನ್ನೂ ನೀವೇ ಇಟ್ಕೊಂಡ್ರೆ ನನಗೇನು ಉಳೀತು?"

ಕೆಲಸ ಹೋಯಿತೆಂದೇ ತಿಳಿದೆ. ಹೋದರೆ ಮನೆಗೆ ಹೋಗಿ ಮಲಗುವುದು ಎಂದು ಕೂಡ ಯೋಚಿಸಿದೆ.

ಮೇಡಂ ಮುಂದಿದ್ದ ಭಾಷಣದ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ರಿಜಿಸ್ಟರ್ ಕೊಡು," ಎಂದರು. ತಂದುಕೊಟ್ಟೆ. ಸೋಮವಾರದ ಪುಟ ತೆರೆದು, ಅಳು ಬಿದ್ದು ಹರಡಿದ ಅಕ್ಷರಗಳನ್ನು ಬೆರಳಿಟ್ಟು ಓದಿದರು.

"ಇಪ್ಪತ್ತೆರಡು ಸೆಕೆಂಡು?"

"ಹೌದು."

"ಅದಕ್ಕೆ ಮೊದಲು ಮೂರು ಸಲ ಗುಲಾಬಿಗೆ ಹೋಗಿತ್ತು?"

"ಹೌದು. ರೆಕ್ಕೆ ಹರಿದಿತ್ತು. ನಾಲ್ಕನೇ ಸಲಕ್ಕೆ ಆಗಲಿಲ್ಲ ಅದಕ್ಕೆ."

"ಕಣ್ಣಾರೆ ನೋಡಿದ್ಯಾ?"

"ನಾನಲ್ದೆ ಇನ್ಯಾರು ನೋಡ್ತಾರೆ ಇಲ್ಲಿ?"

ಅವರು ಒಂದು ಹೊಸ ಹಾಳೆ ತೆಗೆದರು. ರೆಕ್ಕೆ ಸವೆದ ಜೇನು ದೂರದ ಎಲೆ ಬಿಟ್ಟು ಹತ್ತಿರದ ಬಟ್ಟೆ ಕತ್ತರಿಸುವುದನ್ನು ತಾವು ನೋಡಿಲ್ಲ, ಯಾರೂ ನೋಡಿದ್ದಾಗಿ ಕೇಳಿಯೂ ಇಲ್ಲ ಎಂದರು. ತಪ್ಪು ಹೇಗಾಯಿತೆಂಬುದನ್ನು ಮೊದಲು ಬರೆಯೋಣ, ಕಂಡದ್ದನ್ನು ಆಮೇಲೆ ಬರೆಯೋಣ, ಎರಡೂ ಒಬ್ಬರದೇ ಹೆಸರಿನಲ್ಲಿರಲಿ ಎಂದರು. ಹಾಳೆಯ ನೆತ್ತಿಯಲ್ಲಿ ಹೆಸರು ಬರೆಯುವ ಜಾಗಕ್ಕೆ ಪೆನ್ನಿಟ್ಟರು.

"ಹೆಸರು ಹೇಳು."

ತಮಾಷೆ ಎಂದುಕೊಂಡೆ. ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು. ಅವರ ಮುಖ ನಿಧಾನವಾಗಿ ಕೆಂಪಾಯಿತು. ಆಗ ತಿಳಿಯಿತು, ಅವರಿಗೆ ಗೊತ್ತಿರಲಿಲ್ಲ. ಹಾಜರಿ ಪುಸ್ತಕ ಗುಮಾಸ್ತನ ಬಳಿ ಇರುತ್ತದೆ, ಅದನ್ನು ಅವರು ಯಾಕೆ ನೋಡುತ್ತಾರೆ? ಮೂರು ವರ್ಷ ಹೂವಿಗೆ ಇಡುತ್ತೇನೆಂದ ಹೆಸರು ಅವರ ಬಳಿ ಇರಲೇ ಇಲ್ಲ. ಹೂವು ಸಿಕ್ಕಿದ್ದರೂ ಬೆಟ್ಟದ ಮೇಲೆ ಅರಳುತ್ತಿದ್ದುದು ಕಡ್ಡಿಯೇ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ. ಅವರೆದುರಿನ ಕುರ್ಚಿ ಎಳೆದುಕೊಂಡು ಕೂತೆ. ಅಪ್ಪನ ಹೆಸರು ಸೇರಿಸಿ, ಪೂರ್ತಿ ಹೇಳಿದೆ. ನನ್ನ ಬಾಯಲ್ಲಿಯೇ ಅದು ಬಂದು ಎಷ್ಟೋ ಕಾಲವಾಗಿತ್ತು.

ಅವರು ಒಂದೊಂದೇ ಅಕ್ಷರ ಬರೆದರು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಸರಿಯಾಗಿದೆಯಾ ನೋಡಿ," ಎಂದರು.

ಕನ್ನಡಕ ಹಾಕಿಕೊಂಡು ನೋಡಿದೆ. ಸರಿಯಾಗಿತ್ತು.